ನಿಮಗಿದು ಗೊತ್ತೆ? ಮನೆಯೇ ಗ್ಯಾಲರಿಯಾದ ಕಥೆ

1969ರಲ್ಲಿ ನ್ಯೂಯಾರ್ಕಿನ ಸೋಹೋ ಪ್ರದೇಶದಲ್ಲಿ ಚಾರ್ಲ್ಸ್ ಲೆಸ್ಲಿ ಮತ್ತು ಫ್ರಿಟ್ಜ್ ಲೋಮನ್ ಎಂಬ ಬಾಳಸಂಗಾತಿಗಳು ತಮ್ಮ ಮನೆಯಲ್ಲೇ ಸಲಿಂಗಿ ಕಲಾವಿದರ ಚಿತ್ರಪ್ರದರ್ಶನ ಏರ್ಪಡಿಸಿದರು. ಇಂಥ ಚಿತ್ರಗಳಿಗೆ ದೊಡ್ಡ ಗ್ಯಾಲರಿಗಳ ಬಾಗಿಲು ತೆರೆಯದ ಕಾಲ ಅದು. ಜನ ನೂರಾರು ಸಂಖ್ಯೆಯಲ್ಲಿ ಬಂದರು. ಮುಂದೆ ಇಬ್ಬರೂ ಸೇರಿ ಗ್ಯಾಲರಿಯನ್ನೇ ತೆರೆದರು. ಏಡ್ಸ್ ಬಂದೆರಗಿದ 1980ರ ದಶಕದ ಆರಂಭದಲ್ಲಿ ಅದು ಮುಚ್ಚಿತು.

ಅವರ ಅತಿ ದೊಡ್ಡ ಕೆಲಸ ಶುರುವಾದದ್ದು ಆಮೇಲೆ. ಕಲಾವಿದರು ಒಬ್ಬರ ಹಿಂದೊಬ್ಬರು ತೀರಿಕೊಳ್ಳುತ್ತಿದ್ದರು. ಎಷ್ಟೋ ಮನೆಯವರು ನಾಚಿಕೆಗೆ ಅಂಜಿ ಅವರ ಚಿತ್ರಗಳನ್ನು ಬಿಸಾಡುತ್ತಿದ್ದರು. ಕಸಕ್ಕೆ ಹೋಗಲಿದ್ದ ಆ ಬದುಕುಗಳ ಗುರುತುಗಳನ್ನು ಇವರಿಬ್ಬರೂ ತಂದು ಜೋಪಾನ ಮಾಡಿದರು. ಅದಕ್ಕಾಗಿಯೇ 1987ರಲ್ಲಿ ಪ್ರತಿಷ್ಠಾನ ಕಟ್ಟಿದರು. ಹೆಸರಿನಲ್ಲಿದ್ದ ‘ಗೇ’ ಎಂಬ ಪದಕ್ಕೆ ತೆರಿಗೆ ಇಲಾಖೆ ತಕರಾರು ತೆಗೆಯಿತು; ಲಾಭರಹಿತ ಸಂಸ್ಥೆಯ ಮಾನ್ಯತೆಗೆ 1990ರವರೆಗೆ ಕಾಯಬೇಕಾಯಿತು. ಒಂದು ಪದಕ್ಕೆ ಇಷ್ಟು ವರ್ಷ! 2016ರಲ್ಲಿ ಇದೇ ಸಂಸ್ಥೆ ಲೆಸ್ಲಿ-ಲೋಮನ್ ಮ್ಯೂಸಿಯಂ ಆಗಿ ಅಧಿಕೃತ ಮಾನ್ಯತೆ ಪಡೆಯಿತು. ಅಲ್ಲಿ ಈಗ ಸಾವಿರಾರು ಕಲಾಕೃತಿಗಳಿವೆ.

ಅಲ್ಲಿ ಮನೆ ಗ್ಯಾಲರಿಯಾದರೆ, ಬೆಂಗಳೂರಿನಲ್ಲಿ ಬೀದಿಯ ಗೋಡೆಗಳೇ ಗ್ಯಾಲರಿಯಾದವು. 2016ರಲ್ಲಿ ಹುಟ್ಟಿದ ‘ಅರವಾನಿ ಆರ್ಟ್ ಪ್ರಾಜೆಕ್ಟ್’ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಇತರ ಮಹಿಳೆಯರೊಂದಿಗೆ ಕೂಡಿ ನಗರದ ಗೋಡೆಗಳಿಗೆ ಬಣ್ಣ ತುಂಬುತ್ತಾರೆ. 2024ರ ವೆನಿಸ್ ಬಿಯೆನಾಲೆ ಕಲಾಮೇಳದಲ್ಲೂ ಅವರದೊಂದು ಭಿತ್ತಿಚಿತ್ರ ಇತ್ತು.