ಹಿಮದ ದ್ವೀಪಕ್ಕೆ ಯಾವ ತಿಂಗಳು?

ಐಸ್‌ಲೆಂಡಿಗೆ ಹೋಗಬೇಕೆಂಬ ಆಸೆ ನನಗೆ ಹುಟ್ಟಿದ್ದು ತರಗತಿಯಲ್ಲಿ. ಪಂಪನು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನೆಂದು ಹೇಳುತ್ತಿದ್ದಾಗ, ಆ ಕಾಲಕ್ಕೆ ಜಗತ್ತಿನ ಬೇರೆಡೆ ಏನು ನಡೆದಿತ್ತೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅಂದು ಉತ್ತರ ಹೊಳೆಯಲಿಲ್ಲ. ಆಮೇಲೆ ಪುಸ್ತಕಗಳನ್ನು ತಿರುವಿದಾಗ ತಿಳಿಯಿತು: 930ರ ಸುಮಾರಿಗೆ ಉತ್ತರ ಅಟ್ಲಾಂಟಿಕ್ ಸಾಗರದ ಆ ದ್ವೀಪದ ಜನ ಥಿಂಗ್‌ವೆಟ್ಲಿರ್ ಎಂಬ ಬಯಲಿನಲ್ಲಿ ನೆರೆದು ತಮ್ಮ ಮಹಾಸಭೆಯನ್ನು ಸ್ಥಾಪಿಸಿದ್ದರು. ನಮ್ಮ ಕವಿಗೆ ಅರಿಕೇಸರಿಯಿದ್ದ. ಅವರಿಗೆ ರಾಜನೇ ಇರಲಿಲ್ಲ. ಮುಂದೆ ಹದಿಮೂರನೆಯ ಶತಮಾನದಲ್ಲಿ ಅವರು ಪೂರ್ವಜರ ಕಥೆಗಳನ್ನು ಕರುವಿನ ಚರ್ಮದ ಮೇಲೆ ಬರೆದಿಟ್ಟರು. ಡೆನ್ಮಾರ್ಕನ್ನು ಸೇರಿದ್ದ ಪ್ರಾಚೀನ ಹಸ್ತಪ್ರತಿಗಳು 1971ರಿಂದೀಚೆಗೆ ಮರಳತೊಡಗಿದವು. ಮೊದಲಿನವು ಬಂದದ್ದು ಹಡಗಿನಲ್ಲಿ.

ಆ ಬಯಲನ್ನು ಕಣ್ಣಾರೆ ಕಾಣಬೇಕೆಂದು ನಾನೂ ನನ್ನ ಹೆಂಡತಿಯೂ ಆರು ವರ್ಷ ಹಣ ಕೂಡಿಟ್ಟಿದ್ದೇವೆ. ಎರಡನೆಯ ಸಲ ಹೋಗುವ ಭಾಗ್ಯ ನಮಗಿಲ್ಲ. ಆದಕಾರಣ ಯಾವ ತಿಂಗಳೆಂಬುದು ಮನೆಯಲ್ಲಿ ಒಂದು ವ್ಯಾಜ್ಯವೇ ಆಯಿತು.

ನನ್ನ ಪಕ್ಷ ಜೂನ್ ತಿಂಗಳದು. ದ್ವೀಪದ ಬಹುಭಾಗ ಉತ್ತರ ಧ್ರುವವೃತ್ತಕ್ಕೆ ತುಸುವೇ ಕೆಳಗಿದೆ. ಜೂನ್ ಉತ್ತರಾರ್ಧದಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ಸೂರ್ಯನು ಮಧ್ಯರಾತ್ರಿ ಕಳೆದ ಮೇಲೆ ಮುಳುಗಿ, ಮೂರು ಗಂಟೆಯ ಹೊತ್ತಿಗೆ ಮತ್ತೆ ಮೂಡುತ್ತಾನೆ. ಒಳನಾಡಿನ ಬೆಟ್ಟದ ದಾರಿಗಳು ಹಿಮ ಕರಗಿ ತೆರೆಯತೊಡಗುವುದೂ ಆಗಲೇ. “ನೆಲವನ್ನೆಲ್ಲ ನೋಡಬಹುದು” ಎಂದೆ.

“ನೆಲ ನಿಮಗಾಯಿತು. ಆಕಾಶ?” ಎಂದಳಾಕೆ.

ಅವಳಿಗೆ ಬೇಕಾದುದು ಆಗಸದಲ್ಲಿ ಹಸುರಾಗಿ ಅಲೆಯಾಡುವ ಧ್ರುವಪ್ರಭೆ. ಅದು ಕಾಣಲು ಕತ್ತಲೆ ಬೇಕು; ಜೂನಿನ ರಾತ್ರಿಗೆ ಕತ್ತಲೆಯೇ ಇಲ್ಲ. ಡಿಸೆಂಬರಿನಲ್ಲಿ ಕತ್ತಲೆ ಬೇಕಾದಷ್ಟುಂಟು, ಆದರೆ ಹಗಲು ಸುಮಾರು ನಾಲ್ಕೇ ಗಂಟೆ. ಚಳಿಯೇನೋ ನಾವು ಊಹಿಸುವಷ್ಟು ಘೋರವಲ್ಲ. ಬೆಚ್ಚನೆಯ ಸಾಗರಪ್ರವಾಹದ ದಯೆಯಿಂದ ರೇಕ್ಯಾವಿಕ್‌ನ ಜನವರಿಯ ಸರಾಸರಿ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಕಾಡುವುದು ಬಿರುಗಾಳಿ, ಅದು ಬೀಸಿದರೆ ರಸ್ತೆಗಳನ್ನೇ ಮುಚ್ಚಬೇಕಾಗುತ್ತದೆ.

ಉಭಯಪಕ್ಷಗಳಿಗೂ ರಾಜಿಯಾದದ್ದು ಸೆಪ್ಟೆಂಬರಿನಲ್ಲಿ. ಆ ತಿಂಗಳ ಕೊನೆಗೆ ಹಗಲಿರುಳು ಹೆಚ್ಚುಕಡಿಮೆ ಸಮ. ಪ್ರಭೆಗೆ ಸಾಕಷ್ಟು ಕತ್ತಲೆಯುಂಟು; ಮೋಡ ಮಾತ್ರ ಒಪ್ಪಬೇಕು. ನಷ್ಟವೂ ಇಲ್ಲದಿಲ್ಲ. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಅಷ್ಟರಲ್ಲಿ ಕಡಲಿಗೆ ಹೊರಟುಹೋಗಿರುತ್ತವೆ; ಒಳನಾಡಿನ ದಾರಿಗಳು ಒಂದೊಂದಾಗಿ ಮುಚ್ಚತೊಡಗುತ್ತವೆ. ಆದರೆ ನನ್ನನ್ನು ಸೋಲಿಸಿದ್ದು ಕುರಿಗಳು! ಬೇಸಗೆಯಿಡೀ ಬೆಟ್ಟಗಳಲ್ಲಿ ಮೇಯಲು ಬಿಟ್ಟಿದ್ದ ಕುರಿಗಳನ್ನು ರೈತರು ಸೆಪ್ಟೆಂಬರಿನಲ್ಲಿ ಕುದುರೆಯೇರಿ ಹೋಗಿ ಕೆಳಗಿಳಿಸುತ್ತಾರೆ. ದೊಡ್ಡಿಯಲ್ಲಿ ಕೂಡಿ, ಕಿವಿಯ ಗುರುತು ನೋಡಿ, ಯಾರವು ಯಾರಿಗೆಂದು ಬೇರ್ಪಡಿಸುತ್ತಾರೆ. ಊರಿಗೆ ಊರೇ ಅಲ್ಲಿ ಸೇರುತ್ತದೆ. 1955ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹಾಲ್ಡೋರ್ ಲಾಕ್ಸ್‌ನೆಸ್ಸರ ಕಾದಂಬರಿಯ ಆ ಹಟಮಾರಿ ಕುರಿಗಾರನನ್ನು ಬಲ್ಲವನಿಗೆ ಆ ದೊಡ್ಡಿಯ ಬಳಿ ನಿಲ್ಲುವ ಆಸೆ ಹುಟ್ಟದಿದ್ದೀತೆ?

ಉಳಿದದ್ದು ಕಾಗದಪತ್ರದ ಕೆಲಸ. ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಕೊಡುವಂತಿಲ್ಲ, ಕೊನೆಯ ಹದಿನೈದು ದಿನಗಳವರೆಗೆ ತಡೆಯುವಂತೆಯೂ ಇಲ್ಲ. ಜತೆಗೆ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. ದ್ವೀಪವನ್ನು ಸುತ್ತುವ ಹೆದ್ದಾರಿ ಸುಮಾರು 1,300 ಕಿಲೋಮೀಟರು. ಅಲ್ಲಿ ಕಾರು ನಡೆಸುವ ಧೈರ್ಯ ನಮಗಿಲ್ಲ. ರೇಕ್ಯಾವಿಕ್‌ನಲ್ಲಿ ತಂಗಿ, ಪ್ರವಾಸಿ ಬಸ್ಸು ಹೋದಲ್ಲಿಗೆ ನಾವೂ ಹೋಗುವುದೆಂದು ಗೊತ್ತುಮಾಡಿದ್ದೇವೆ.

ಸೆಪ್ಟೆಂಬರಿನಲ್ಲಿ ಕಾಲೇಜಿಗೆ ರಜೆಯಿಲ್ಲ. ನನ್ನ ಪಾಠಗಳನ್ನು ನೋಡಿಕೊಳ್ಳಲು ಸಹೋದ್ಯೋಗಿಯೊಬ್ಬರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ, ಪಂಪನೊಬ್ಬನ ಹೊರತು. ಅವನನ್ನು ನಾನೇ ಆಗಸ್ಟಿನೊಳಗೆ ಮುಗಿಸಿ ಹೊರಡಬೇಕಾಗಿದೆ.