ಮಳೆಗಾಲದಲ್ಲಿ ಹಳೆಯ ಕಾರು ಚಾಲೂ ಆಗದಿದ್ದರೆ



ನಮ್ಮಲ್ಲಿ ಕೆಲವರ ಮನೆಯಂಗಳದಲ್ಲಿ ಹಳೆಯ ಅಂಬಾಸಿಡರ್ ಕಾರು ಇಂದಿಗೂ ಇದೆ. ಅದರ ತಯಾರಿಕೆ 2014ರಲ್ಲಿ ನಿಂತಿತಾದರೂ, ತೋಟದ ದಾರಿಗೆ ಒಗ್ಗಿದ ಗಾಡಿಯನ್ನು ಮಾರಲು ಮನಸ್ಸು ಬರುವುದಿಲ್ಲ. ಆದರೆ ಮಳೆ ಹಿಡಿದೊಡನೆ “ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ” ಎಂಬ ದೂರು ಆರಂಭವಾಗುತ್ತದೆ. ಆಗ ಎಲ್ಲರೂ ಬೈಯುವುದು ಬ್ಯಾಟರಿಯನ್ನು.

ನಾನೂ ಬೈದವನೇ. 2019ರ ಆಷಾಢದಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ಎಂಟು ದಿನವೂ ಕಳೆದಿರಲಿಲ್ಲ. ರಾತ್ರಿ ಲೈನ್ ಮನೆಯ ಹೆಂಗಸೊಬ್ಬರಿಗೆ ಹೆರಿಗೆ ನೋವು ಬಂತು. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ! ಹೆಡ್‌ಲೈಟ್ ಚೆನ್ನಾಗಿಯೇ ಉರಿಯುತ್ತಿತ್ತು. ನಾಲ್ಕು ಜನ ಸೇರಿ ಇಳಿಜಾರಿನಲ್ಲಿ ತಳ್ಳಿದ ಮೇಲೆ ಎಂಜಿನ್ ಹೊರಟಿತು. ದೇವರ ದಯೆಯಿಂದ ತಾಯಿ ಮಗು ಕ್ಷೇಮ. ಮರುದಿನ ನೋಡಿದರೆ, ಎಂಜಿನ್ನಿಗೂ ಗಾಡಿಯ ಬಾಡಿಗೂ ನಡುವೆ ಇರುವ ಅರ್ಥ್ ಪಟ್ಟಿ ತುಕ್ಕು ಹಿಡಿದಿತ್ತು.

ವಿದ್ಯುತ್ತು ಬ್ಯಾಟರಿಯಿಂದ ಹೊರಟರೆ ಸಾಲದು, ಮರಳಿ ಅಲ್ಲಿಗೇ ಸೇರಬೇಕು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿರುವುದರಿಂದ ಸ್ಟಾರ್ಟರಿನ ವಿದ್ಯುತ್ತು ಹಿಂತಿರುಗಲು ಈ ಪಟ್ಟಿಯೇ ದಾರಿ. ಎರಡು ಹೆಡ್‌ಲೈಟಿಗೆ ಸುಮಾರು 10 ಆಂಪಿಯರ್ ಸಾಕು. ಸ್ಟಾರ್ಟರಿಗೆ 100ಕ್ಕೂ ಹೆಚ್ಚು ಬೇಕು. ಕಸ ಕಟ್ಟಿದ ಪೈಪಿನಲ್ಲಿ ಕುಡಿಯಲು ನೀರು ಬಂದೀತು, ಸ್ಪ್ರಿಂಕ್ಲರ್ ತಿರುಗದು. ಇದೂ ಹಾಗೆಯೇ.

ಆದುದರಿಂದ ಹಣ ಖರ್ಚು ಮಾಡುವ ಮೊದಲು ಹೀಗೆ ಪರೀಕ್ಷಿಸಿರಿ. ಗೇರು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಹೆಡ್‌ಲೈಟ್ ಹಚ್ಚಿರಿ. ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ಬೆಳಕನ್ನು ಗಮನಿಸಲಿ.

1. ಬೆಳಕು ತೀರ ಮಂಕಾದರೆ ಅಥವಾ ಆರಿದರೆ: ಬ್ಯಾಟರಿಯ ಟರ್ಮಿನಲ್‌ಗಳನ್ನು ಬಿಚ್ಚಿ, ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿಮಾಡಿ, ವ್ಯಾಸಲೀನ್ ಸವರಿರಿ. ಬಿಚ್ಚುವಾಗ ಅರ್ಥ್ ತಂತಿ ಮೊದಲು, ಹಾಕುವಾಗ ಕೊನೆಗೆ. ಹತ್ತಿರ ಬೀಡಿ, ಬೆಂಕಿ ಕೂಡದು. ಗಾಡಿ ರಾತ್ರಿಯಿಡೀ ನಿಂತಿದ್ದಾಗ ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.4ಕ್ಕಿಂತ ಇಳಿದಿದ್ದರೆ ಚಾರ್ಜ್ ಮಾಡಿಸಿರಿ.

2. ಬೆಳಕು ಕುಂದದೆ, ಬರೀ ‘ಟಕ್’ ಎಂದರೆ: ಅರ್ಥ್ ಪಟ್ಟಿ, ಸೊಲೆನಾಯ್ಡ್ ಅಥವಾ ಸ್ಟಾರ್ಟರ್ ಮೇಲೆ ಅನುಮಾನ. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೂ, ಅನಂತರ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಸಿಕ್ಕಿಸಿರಿ. ಈಗ ಎಂಜಿನ್ ತಿರುಗಿದರೆ ದೋಷ ಅರ್ಥ್ ದಾರಿಯದೇ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುವುದೂ ಇದೇ ದೋಷದ ಲಕ್ಷಣ. ವಿದ್ಯುತ್ತು ಅಡ್ಡದಾರಿ ಹಿಡಿದಿದೆ ಎಂದರ್ಥ.

3. ಎಂಜಿನ್ ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ: ಸ್ಟಾರ್ಟರ್ ಸರಿಯಿದೆ. ಪೆಟ್ರೋಲ್ ಗಾಡಿಯಾದರೆ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ತೇವವನ್ನು ಒಣ ಬಟ್ಟೆಯಿಂದ ಒರೆಸಿ, ಪಾಯಿಂಟ್ ಸವೆದಿದೆಯೇ ನೋಡಿರಿ.

ಬೋರ್ಡೋ ಸಿಂಪಡಣೆಗೆ ಪಂಪು ಸಿದ್ಧಮಾಡಿಕೊಳ್ಳುವಾಗಲೇ ಕಾರಿಗೂ ಅರ್ಧ ಗಂಟೆ ಕೊಡಿರಿ. ಒಂದು ಸ್ಪ್ಯಾನರ್, ಒಂದು ಉಪ್ಪುಕಾಗದ ಸಾಕು. ನಮ್ಮ ಒಂಟಿ ಮನೆಗಳಿಗೆ ಮಳೆಗಾಲದ ರಾತ್ರಿ ಆ ಗಾಡಿಯೇ ಆಸರೆ.

– ಕಾರ್ಯದರ್ಶಿ