ಒಡೆಯರು ಕೇಳಿಸಿದ ಸಂಗೀತ

ಜಯಚಾಮರಾಜ ಒಡೆಯರ್ ಎಂದರೆ ಬಹುಪಾಲು ಜನರಿಗೆ ನೆನಪಾಗುವುದು ದಸರೆಯ ಅಂಬಾರಿ, ಸಂಸ್ಥಾನದ ಕೊನೆಯ ಮಹಾರಾಜ, ಆಮೇಲೆ ಮೈಸೂರು ಮತ್ತು ಮದರಾಸಿನ ರಾಜ್ಯಪಾಲ. ಕಛೇರಿಗಳಿಗೆ ತಪ್ಪದೆ ಹೋಗುವವರಿಗೆ ‘ಶ್ರೀವಿದ್ಯಾ’ ಅಂಕಿತದ ವಾಗ್ಗೇಯಕಾರರಾಗಿಯೂ ಗೊತ್ತು. ಯೌವನದಲ್ಲಿ ಅವರ ಮನಸ್ಸು ಕಟ್ಟಿಕೊಂಡ ಆಸೆ ಮಾತ್ರ ಬೇರೆ. ಪಿಯಾನೊ ವಾದಕರಾಗಿ ವೇದಿಕೆ ಏರಬೇಕೆಂದು ಅವರಿಗಿತ್ತು.

1919ರ ಜುಲೈ 18ರಂದು ಹುಟ್ಟಿದ ಅವರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಒಬ್ಬನೇ ಮಗ. ಬೆಳೆದದ್ದು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆಗಿನ ಅರಮನೆಯಲ್ಲಿ ಆಸ್ಥಾನ ವಿದ್ವಾಂಸರ ಜೊತೆಗೇ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಹುಡುಗ ಪಿಯಾನೊ ಕಡೆ ವಾಲಿದ. ಆದರೆ ತಂದೆ ತೀರಿಕೊಂಡ ಬೆನ್ನಲ್ಲೇ, 1940ರ ಆಗಸ್ಟ್‌ನಲ್ಲಿ ದೊಡ್ಡಪ್ಪನೂ ಹೋದರು. ಇಪ್ಪತ್ತೊಂದರ ಯುವಕ ಸಿಂಹಾಸನ ಏರಬೇಕಾಯಿತು. ವೃತ್ತಿ ವಾದಕನಾಗುವ ಮಾತು ಅಲ್ಲಿಗೆ ಮುಗಿಯಿತು. ಲಂಡನ್ನಿನ ಗಿಲ್ಡ್‌ಹಾಲ್ ಮತ್ತು ಟ್ರಿನಿಟಿ ಸಂಗೀತ ಸಂಸ್ಥೆಗಳ ಮನ್ನಣೆ ಅವರಿಗೆ ದೊರೆತರೂ ಉಳಿದದ್ದು ಹವ್ಯಾಸಿಯಾಗಿಯೇ.

ನುಡಿಸಲು ಬಿಡುವಿಲ್ಲದವರು ಕೇಳುವುದಕ್ಕೆ ಬಿಡುವು ಮಾಡಿಕೊಂಡರು. ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ, ಫಿಲ್ಹಾರ್ಮೋನಿಯ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಅವರ ಅತಿಥಿಯಾಗಿದ್ದರು. ಅಲ್ಲಿನ ಅಪಾರ ರೆಕಾರ್ಡು ಸಂಗ್ರಹ, ದೊಡ್ಡ ಧ್ವನಿವರ್ಧಕಗಳು, ಗ್ರ್ಯಾಂಡ್ ಪಿಯಾನೊಗಳನ್ನು ಕಂಡು ಬೆರಗಾದದ್ದನ್ನು ಲೆಗ್ ನೆನೆದಿದ್ದಾರೆ.

ಆ ಕೇಳುಗ ಮಾಡಿದ ಅತಿ ದೊಡ್ಡ ಕೆಲಸ ನಿಕೊಲಾಯ್ ಮೆಟ್ನರ್‌ಗೆ ಸಂಬಂಧಿಸಿದ್ದು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಪಿಯಾನೊ ವಾದಕ, ಸಂಗೀತ ರಚನಕಾರ; ಅವರಂತೆಯೇ ರಚನಕಾರನಾದ ರಹ್ಮಾನಿನೋವ್‌ನ ಗೆಳೆಯ. 1921ರಲ್ಲಿ ರಷ್ಯಾ ಬಿಟ್ಟು ಅಲೆದು ಕೊನೆಗೆ ಲಂಡನ್ ಸೇರಿದ್ದರು. ಹೃದಯದ ಕಾಯಿಲೆ ಬೇರೆ. ಜಗತ್ತು ಹೊಸ ಬಗೆಯ ಸಂಗೀತದತ್ತ ಹೊರಳಿದ್ದಾಗ ಇವರು ಹಳೆಯ ದಾರಿ ಬಿಡಲಿಲ್ಲ, ಹಾಗಾಗಿ ಕೇಳುವವರೂ ಕಡಿಮೆ.

ಆಗಿನ ಧ್ವನಿಮುದ್ರಣದ ಕಷ್ಟವನ್ನು ಸ್ವಲ್ಪ ನೋಡಬೇಕು. 78 ವೇಗದ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಹೆಚ್ಚೆಂದರೆ ನಾಲ್ಕೂವರೆ ನಿಮಿಷದ ಸಂಗೀತ. ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ, ಅರ್ಧ ಗಂಟೆ ಮೀರಿದ ಒಂದು ಕನ್ಚರ್ಟೊಗೆ ನಾಲ್ಕೈದು ಪ್ಲೇಟು ಬೇಕು. ಮಗ್ಗುಲು ಮುಗಿಯುವಲ್ಲಿ ನಿಲ್ಲಿಸಿ, ಮುಂದಿನದರಲ್ಲಿ ಅದೇ ಲಯ ಹಿಡಿದು ಹೊರಡಬೇಕು. ಕೈ ತಪ್ಪಿದರೆ ಆ ಮಗ್ಗುಲು ಮತ್ತೆ ಮೊದಲಿಂದ. ಪೂರ್ತಿ ವಾದ್ಯವೃಂದವನ್ನು ಕೂರಿಸಿ ಇಷ್ಟೆಲ್ಲ ಮಾಡಲು, ಮಾರಾಟವಾಗುವ ಭರವಸೆಯಿಲ್ಲದೆ ಯಾವ ಕಂಪನಿ ಮುಂದೆ ಬಂದೀತು?

ಹಣ ಮೈಸೂರಿನಿಂದ ಹೋಯಿತು. ಮೆಟ್ನರ್ ಸೊಸೈಟಿ ಹುಟ್ಟಿತು. ವಯಸ್ಸಾದ, ಕಾಯಿಲೆಯ ಮೆಟ್ನರ್ ತಾವೇ ಪಿಯಾನೊ ಮುಂದೆ ಕುಳಿತು ಮೂರೂ ಕನ್ಚರ್ಟೊಗಳನ್ನು, ಸೊನಾಟಾಗಳನ್ನು, ಹಾಡುಗಳನ್ನು ನುಡಿಸಿ ಮುದ್ರಿಸಿದರು. 1951ರ ನವೆಂಬರ್‌ನಲ್ಲಿ ತೀರಿಕೊಂಡರು. ಮೂರನೆಯ ಕನ್ಚರ್ಟೊವನ್ನು ಅವರು ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ.

ಇದನ್ನು ರಾಜಾಶ್ರಯ ಎಂದು ಕರೆದು ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಆಶ್ರಯ ಕೊಡುವ ಅರಸರು ಸಾಮಾನ್ಯವಾಗಿ ಹೆಸರಾದವರನ್ನು ಹುಡುಕುತ್ತಾರೆ. ಮೆಟ್ನರ್‌ನಿಂದ ಮೈಸೂರಿಗೆ ಕೀರ್ತಿ ಬರುವಂತೇನೂ ಇರಲಿಲ್ಲ. ಆ ಸಂಗೀತದಲ್ಲಿ ಎಂಥ ಕುಸುರಿಯಿದೆ ಎಂಬುದು ಪಿಯಾನೊ ಮೇಲೆ ಸಾಧನೆ ಮಾಡಿದ ಬೆರಳಿಗೆ ಗೊತ್ತಾಗಿತ್ತು, ಅದು ಮಣ್ಣುಪಾಲಾಗಬಾರದು ಅನ್ನಿಸಿತ್ತು. ರಿಚರ್ಡ್ ಸ್ಟ್ರೌಸ್ ಬರೆದ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗಕ್ಕೂ 4,800 ಡಾಲರ್ ಖಾತರಿ ಕೊಟ್ಟವರು ಇವರೇ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ವಾದ್ಯವೃಂದ ನಡೆಸಿದರು. ಒಡೆಯರಿಗೆ ಹೋಗಲಾಗಲಿಲ್ಲ. ಅವರ ಸಂಗ್ರಹಕ್ಕೆಂದು ಅದನ್ನು ಮುದ್ರಿಸಿದರು.

1940ರ ದಶಕದಲ್ಲಿ ಅವರು ಕರ್ನಾಟಕ ಸಂಗೀತದೊಳಗೂ ಆಳಕ್ಕಿಳಿದಿದ್ದರು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಪಿಯಾನೊದಲ್ಲಿ ಕೀ ಒತ್ತಿದರೆ ಸ್ವರ ಅಲುಗಾಡದೆ ನಿಲ್ಲುತ್ತದೆ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿ ಎಳೆದು ಒಂದೇ ಜಾಗದಿಂದ ಎರಡು ಮೂರು ಸ್ವರ ತೆಗೆಯಬೇಕು. ಒಂದು ಶಿಸ್ತಿಗೆ ಪಳಗಿದ ಕೈಯನ್ನು ಇನ್ನೊಂದಕ್ಕೆ ತಿರುಗಿಸುವುದು ಎಷ್ಟು ತ್ರಾಸಿನದೆಂದು ಪ್ರಯತ್ನಿಸಿದವರು ಬಲ್ಲರು. ಸಂಸ್ಕೃತದಲ್ಲಿ ಅವರು ರಚಿಸಿದ ಕೃತಿಗಳು 94. ‘ಶ್ರೀ ಜಾಲಂಧರ’ ಕೇಳಿ ನೋಡಿ. ರಾಗ ಗಂಭೀರನಾಟ, ದೇವರ ಉತ್ಸವ ಹೊರಡುವಾಗ ನಾಗಸ್ವರದವರು ಮಲ್ಲಾರಿ ನುಡಿಸುವ ರಾಗ. ಸ, ಗ, ಮ, ಪ, ನಿ, ಐದೇ ಸ್ವರ. ರಿ ಇಲ್ಲ, ಧ ಇಲ್ಲ. ಸ್ವರಗಳ ನಡುವಿನ ಈ ಜಿಗಿತಗಳಿಂದಲೇ ಕೃತಿಗೆ ಬಿಗಿ ಬಂದಿದೆ. ಹಾಡುವವರು ಚುರುಕಾಗಿ ಎತ್ತಿಕೊಂಡರೆ ಸಭೆ ನೆಟ್ಟಗೆ ಕೂರುತ್ತದೆ. ಪಿಯಾನೊ ಕೇಳಿ ಬೆಳೆದ ಕಿವಿ ಇಲ್ಲಿ ಕೆಲಸ ಮಾಡಿದೆ ಎಂದು ನನ್ನ ಭಾವನೆ; ವಿದ್ವಾಂಸರು ಒಪ್ಪದಿರಬಹುದು.

1974ರ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಒಡೆಯರು ತೀರಿಕೊಂಡರು. ಅವರ ಕೃತಿಗಳನ್ನು ಹಾಡುವವರಿದ್ದಾರೆ, ಅದು ಸಂತೋಷ. ಆದರೆ ಅವರ ನೆನಪಿನ ಕಾರ್ಯಕ್ರಮ ಅಷ್ಟಕ್ಕೇ ಮುಗಿಯಬಾರದು. ಮೆಟ್ನರ್ ನುಡಿಸಿದ ಆ ಮುದ್ರಿಕೆಗಳು ಸಿ.ಡಿ.ಯಾಗಿ ಮತ್ತೆ ಬಂದಿವೆ. ಗಂಭೀರನಾಟದ ಕೃತಿ ಹಾಡಿಸಿದ ಮೇಲೆ ಅದೇ ಸಭೆಗೆ ಮೂರನೆಯ ಕನ್ಚರ್ಟೊವನ್ನೂ ಕೇಳಿಸಲಿ. ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ, ನುಡಿಸುತ್ತಿರುವವರು ಬರೆದವರೇ, ಅದು ನಮ್ಮ ಕಿವಿಯವರೆಗೆ ಬಂದದ್ದು ಮೈಸೂರಿನ ಹಣದಿಂದ.